ಚಿಗವ್ವನ ಗೋವಿನಜೋಳದ ವಡೆ

ಮೊನ್ನೆ ಬಸುರಿ ಮಗಳ ಕುಬಸದ ಸೀಮಂತಕ್ಕೆಂದು ಬಸವನ ಬಾಗೇವಾಡಿಯ ಸಂತೆಯಿಂದ ಎಳೆಯ ಗೋವಿನಜೋಳದ ತೆನೆ ತಂದಿದ್ದೆ. ಸಿಪ್ಪೆ ಸುಲಿಯುತ್ತಲೇ ಹಸಿ ಕಾಳಿನ ಹಾಲುವಾಸನೆ ಮೂಗಿಗೆ ಬಡಿಯಿತು. ಚಿಗವ್ವ ನೆನಪಾದಳು... ಜೊತೆಗೇ ಹಳೆಯ ಸಿಟ್ಟೂ.

ಸ್ವಂತ ಚಿಗವ್ವನಲ್ಲ. ಮುದ್ದೇಬಿಹಾಳದ ಹತ್ತಿರದ ನಮ್ಮೂರಲ್ಲಿ ಪಕ್ಕದ ಮನೆಯವಳು. ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಿದ್ದ. ಕಾಲುವೆ ನೀರು ಬಂದ ಮೇಲೆ ಹೊಲಕ್ಕೆ ಗೋವಿನಜೋಳ ಹಾಕತೊಡಗಿದಳು. ಹಾಲುಗಾಳು ಬಿಡಿಸಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ ಸೇರಿಸಿ ಒರಳಲ್ಲಿ ತರಿತರಿಯಾಗಿ ರುಬ್ಬಿ, ಕುಸುಬೆ ಎಣ್ಣೆಯಲ್ಲಿ ವಡೆ ಕರಿದರೆ ಓಣಿಗೆಲ್ಲ ಗೊತ್ತಾಗುತ್ತಿತ್ತು. ನಮ್ಮ ಮನೆಯವರಂತೂ ಕರೆಯುವ ಮೊದಲೇ ತಾಟು ಹಿಡಿದು ಹೋಗುತ್ತಿದ್ದರು. ಆಗ ಯಾರಿಗೂ ಅವಳ ಬೋಳು ಹಣೆ ಕಾಣುತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆ. ನಾನು ಚೊಚ್ಚಲ ಬಸುರಿ, ತವರಿನಲ್ಲಿ ಕುಬಸ. ಬಾಯಿಗೆ ಏನೂ ಸೇರುತ್ತಿರಲಿಲ್ಲ, ಆ ವಡೆಯೊಂದನ್ನು ಬಿಟ್ಟು. ಮೊದಲ ತುತ್ತು ನಿನ್ನ ಕೈಯಿಂದಲೇ ತಿನ್ನುತ್ತೇನೆ ಎಂದು ಚಿಗವ್ವನಿಗೆ ಹೇಳಿಟ್ಟಿದ್ದೆ. ಹಸಿರು ಸೀರೆಯುಟ್ಟು ಮಣೆಯ ಮೇಲೆ ಕುಳಿತಿದ್ದಾಗ ಬಿಸಿ ವಡೆಯ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದಳು. ನನ್ನ ತಾಯಿಯ ಅಕ್ಕ, ದೊಡ್ಡವ್ವ, ಹೊಸ್ತಿಲಲ್ಲೇ ತಡೆದಳು.

"ಇವತ್ತ ಬ್ಯಾಡವಾ, ಬಸುರಿ ಕುಂತಾಳ. ನಾಳಿಗಿ ಬಾ."

ಡಬ್ಬಿಯನ್ನು ಮಾತ್ರ ಇಸಿದುಕೊಂಡಳು. "ಚಿಗವ್ವ, ಒಳಗ ಬಾ" ಎಂದು ಕೂಗಿ ಏಳಹೋದೆ. ಯಾರೋ ಹೆಗಲು ಹಿಡಿದು ಕೂರಿಸಿದರು. ಅವಳು ನನ್ನನ್ನೊಮ್ಮೆ ನೋಡಿ ತಿರುಗಿ ಹೋದಳು. ಆ ವಡೆ ನನ್ನ ತಾಟಿಗೆ ಬರಲಿಲ್ಲ, ಬಸುರಿಗೆ ಆಗಿಬರುವುದಿಲ್ಲವಂತೆ. ಅಡುಗೆಮನೆಯಲ್ಲಿ ನಿಂತು ದೊಡ್ಡವ್ವ ಮತ್ತವಳ ಜೊತೆಯವರೇ ಬೆರಳು ನೆಕ್ಕಿಕೊಂಡು ತಿಂದು ಮುಗಿಸಿದರು. ಅವಳು ಬೇಡ, ಅವಳ ಕೈರುಚಿ ಬೇಕು. ನಾಚಿಕೆಗೆಟ್ಟವರು.

ಆಮೇಲೆ ಎಷ್ಟು ಕರೆದರೂ ಚಿಗವ್ವ ನಮ್ಮ ಹೊಸ್ತಿಲು ತುಳಿಯಲಿಲ್ಲ. "ನಾಳಿಗಿ ಬರ್ತೇನಿ ತಂಗಿ" ಎನ್ನುತ್ತಿದ್ದಳು, ಮೆಲ್ಲಗೆ... ಹಾಗೆನ್ನುತ್ತಲೇ ಒಂದು ದಿನ ಹೋಗಿಬಿಟ್ಟಳು. ಅವಳಂತೆ ವಡೆ ಕರಿಯಲು ನನಗೆ ಇವತ್ತಿಗೂ ಬಂದಿಲ್ಲ.

ಆದರೂ ಮೊನ್ನೆ ಕರಿದೆ. ಮೊದಲನೆಯದನ್ನು ಮಗಳಿಗೆ ಕೊಟ್ಟೆ. ಹಲ್ಲು ಬಿದ್ದ ದೊಡ್ಡವ್ವ ತಾಟು ಹಿಡಿದು ಒಲೆಯ ಹತ್ತಿರ ಬಂದಳು.

"ಆ ಬಾಜೂ ಮನಿಯಾಕಿ ಮಾಡ್ತಿದ್ದಳಲ್ಲ, ಥೇಟ ಅದ ವಾಸನಿ ನೋಡವಾ. ನನಗೂ ಎರಡ ಹಾಕು."

"ನಾಳಿಗಿ ಬಾ, ದೊಡ್ಡವ್ವ."

ತಮಾಷೆ ಎಂದುಕೊಂಡು ನಕ್ಕಳು. ಅವಳಿಗೆ ಆ ದಿನದ ನೆನಪೇ ಇರಲಿಲ್ಲ. ಆ ಮಾತನ್ನು ಕೇಳಿಸಿಕೊಳ್ಳಲು ಚಿಗವ್ವನೂ ಇರಲಿಲ್ಲ.