ಎಂಬತ್ತು ದಾಟಿದರೆ ಏರುವ ಮುಳ್ಳು

ನಮ್ಮ ಕಾರಿನ ಟೆಂಪರೇಚರ್ ಮುಳ್ಳು ಊರೊಳಗೆ ಯಾವತ್ತೂ ತಂಟೆ ಮಾಡಿದ್ದಿಲ್ಲ. ಹುಣಸೂರಿನ ಸಂತೆ ದಿನದ ಇಕ್ಕಟ್ಟಿನಲ್ಲಿ ಎಷ್ಟು ಹೊತ್ತು ನಿಂತರೂ ಅರ್ಧಕ್ಕಿಂತ ಮೇಲೆ ಹೋಗುತ್ತಿರಲಿಲ್ಲ. ಹೈವೇ ಹತ್ತಿ ವೇಗ ಎಂಬತ್ತು ದಾಟಿಸಿದರೆ ಮಾತ್ರ ಏರಲು ಶುರುವಾಗುತ್ತಿತ್ತು. ಪಿರಿಯಾಪಟ್ಟಣದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಪಾಠ ಮಾಡುವ ನಾನು ದಿನಾ ಹೈವೇಯಲ್ಲಿ ಹೋಗಿ ಬರುವವಳು. ನನ್ನ ಗಂಡ ಹೊಗೆಸೊಪ್ಪು ಬೆಳೆಯುವವರು. ಅವರು ಕಾರು ತೆಗೆಯುತ್ತಿದ್ದುದು ಊರೊಳಗಿನ ಕೆಲಸಕ್ಕೆ, ಇಲ್ಲವೇ ಭಾನುವಾರ ಎಚ್.ಡಿ. ಕೋಟೆ ಕಡೆಯ ಜಮೀನಿಗೆ ನಿಧಾನವಾಗಿ ಹೋಗಿ ಬರಲು. ಹಾಗಾಗಿ ಕಾರು ಕಾಯುತ್ತಿದ್ದುದು ನನ್ನ ಕೈಯಲ್ಲಿ ಮಾತ್ರ.

ನಾನು ಡ್ರೈವಿಂಗ್ ಕಲಿತದ್ದು ನಲವತ್ತು ದಾಟಿದ ಮೇಲೆ. ಅದೊಂದು ಹಿಂಜರಿಕೆ ಮೊದಲೇ ಇತ್ತು. ಮೊದಲ ಸಲ ಬಾನೆಟ್ಟಿನಿಂದ ಹಬೆ ಎದ್ದಾಗ ರಸ್ತೆ ಪಕ್ಕಕ್ಕೆ ನಿಲ್ಲಿಸಿ ಫೋನು ಹಿಡಿದು ನಿಂತಿದ್ದೆ. ನಮ್ಮ ಶಾಲೆಯ ಮಕ್ಕಳಿದ್ದ ಬಸ್ಸು ಅದೇ ಹೊತ್ತಿಗೆ ಬಂತು. ಕಿಟಕಿಯಲ್ಲಿ ಸಾಲಾಗಿ ತಲೆಗಳು ಕಂಡವು. ನಾನು ಬೆನ್ನು ತಿರುಗಿಸಿದೆ.

ಮನೆಗೆ ಬಂದು ಹೇಳಿದಾಗ ಗಂಡ ನಕ್ಕರು. "ತರ್ಡ್ ಗೇರಲ್ಲೇ ಎಳೀತೀಯ ಕಣೇ ನೀನು. ಇಂಜಿನ್ ಕಾಯದೆ ಇನ್ನೇನಾಯ್ತದೆ? ನನ್ ಕೈಲಿ ಯಾವತ್ತಾದ್ರೂ ಕಾಯ್ದದಾ?"

ಅದು ನಿಜವೇ ಆಗಿತ್ತು. ಅವರ ಕೈಯಲ್ಲಿ ಒಂದು ದಿನವೂ ಕಾದಿರಲಿಲ್ಲ.

ಗ್ಯಾರೇಜಿಗೂ ಹೋದೆವು. ಮೆಕ್ಯಾನಿಕ್ ಭಾಯಿ ಕೂಲೆಂಟ್ ತುಂಬಿಸಿದರು, ಥರ್ಮೋಸ್ಟ್ಯಾಟ್ ಬದಲಿಸಿದರು, ಇಂಜಿನ್ ಚಾಲೂ ಇಟ್ಟು ಫ್ಯಾನ್ ತಿರುಗುವುದನ್ನು ನೋಡಿದರು. ಎಲ್ಲೂ ಸೋರಿಕೆಯಿಲ್ಲ, ನೀರಿನ ಪಂಪೂ ಸರಿಯಾಗಿದೆ ಎಂದರು. ಮರುದಿನ ಹೈವೇಯಲ್ಲಿ ಮುಳ್ಳು ಮತ್ತೆ ಏರಿತು. ಎರಡನೇ ಸಲ ಹೋದಾಗ ನನ್ನ ಗಂಡ ಎಲ್ಲರ ಎದುರಿಗೇ, "ಗಾಡಿ ಚೆನ್ನಾಗೇ ಅದೆ ಭಾಯ್, ಡ್ರೈವರನ್ನ ಸರ್ವೀಸ್ ಮಾಡ್ಬೇಕು" ಎಂದರು. ಅಲ್ಲಿದ್ದವರು ನಕ್ಕರು. ನಾನೂ ನಕ್ಕೆ. ಕಿವಿ ಮಾತ್ರ ಬಿಸಿಯಾಗಿತ್ತು.

ಅಲ್ಲಿಂದ ಮುಂದೆ ನಾನು ಅರವತ್ತರಲ್ಲೇ ಹೋಗುತ್ತಿದ್ದೆ. ಗೇರು ಬದಲಿಸುವಾಗ ಬಾಯಲ್ಲಿ ಹೇಳಿಕೊಳ್ಳುತ್ತಿದ್ದೆ. ಹಿಂದಿನ ಲಾರಿಗಳು ಹಾರನ್ ಹೊಡೆದರೆ ಎಡಕ್ಕೆ ಸರಿದು ದಾರಿ ಬಿಡುತ್ತಿದ್ದೆ. ತಪ್ಪು ನನ್ನದೇ ಎಂದು ನಾನೇ ಒಪ್ಪಿಕೊಂಡುಬಿಟ್ಟಿದ್ದೆ.

ಆಮೇಲೆ ಅತ್ತೆಯ ತಂಗಿಯ ಮನೆಯ ಗೃಹಪ್ರವೇಶ ಬಂತು. ಅವರ ಮನೆ ಬೈಲಕುಪ್ಪೆ ದಾಟಿ ಕೊಪ್ಪದಲ್ಲಿ. ಗಂಡನಿಗೆ ಅವತ್ತೇ ಹೊಗೆಸೊಪ್ಪಿನ ಹರಾಜು. ಅತ್ತೆಯನ್ನು ಕರೆದುಕೊಂಡು ನಾನೇ ಹೊರಟೆ. ಅತ್ತೆ ಮಡಿಲಲ್ಲಿ ಹೂವಿನ ಬುಟ್ಟಿ ಇಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಿದ್ದರು. ಪೂಜೆಯ ಹೊತ್ತಿಗೆ ಇರಬೇಕೆಂದು ಅವರಿಗೆ ಆತುರ.

"ವಸಿ ಜೋರಾಗಿ ಹೋಗವ್ವ, ಸೈಕಲ್ನೋರೂ ಮುಂದ್ಕೋಯ್ತಾವ್ರೆ" ಎಂದರು.

ಜೋರಾಗಿಯೇ ಹೋದೆ. ಪಿರಿಯಾಪಟ್ಟಣ ದಾಟಿ ಸ್ವಲ್ಪ ದೂರಕ್ಕೆ ಮುಳ್ಳು ಏರಿತು. ಎ.ಸಿ. ಆರಿಸಿದೆ, ಕಿಟಕಿ ಇಳಿಸಿದೆ, ವೇಗ ತಗ್ಗಿಸಿದೆ. ಬೈಲಕುಪ್ಪೆಯ ಅಂಗಡಿಗಳ ಹತ್ತಿರ ಬರುವಷ್ಟರಲ್ಲಿ ಕೆಂಪು ದೀಪ ಹತ್ತಿತು. ನಿಲ್ಲಿಸಿದೆ.

ಅಂಗಡಿಯ ಮುಂದೆ ಟೀ ಕುಡಿಯುತ್ತಿದ್ದವರು ನಮ್ಮ ಕಡೆ ನೋಡಿದರು. ಯಾರೋ ಒಬ್ಬರು ನೀರಿನ ಬಾಟಲಿ ಹಿಡಿದು ಬಂದು, "ಈಗ್ಲೇ ಮುಚ್ಚಳ ತೆಗೀಬೇಡಿ ಮೇಡಂ, ಆರ್ಲಿ" ಎಂದು ಬಾಟಲಿ ಕೊಟ್ಟು ಹೋದರು. ಅತ್ತೆ ರೇಷ್ಮೆ ಸೀರೆಯಲ್ಲಿ, ಬುಟ್ಟಿ ಹಿಡಿದು, ಬಿಸಿಲಲ್ಲಿ ನಿಂತರು. ನನಗೆ ಯಾರ ಮುಖ ನೋಡುವುದಕ್ಕೂ ಆಗಲಿಲ್ಲ. ಏನೋ ಪರೀಕ್ಷೆ ಮಾಡುವವಳ ಹಾಗೆ ಕಾರಿನ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತೆ. ಮುಖ ಮರೆಸಿಕೊಳ್ಳಲು ಕೂತದ್ದೇ ಹೊರತು ನೋಡಲು ಅಲ್ಲ.

ಆದರೆ ಕಣ್ಣಿಗೆ ಬಿತ್ತು. ಮುಂದಿನ ಜಾಲರಿಯ ಸಂದಿಯಲ್ಲಿ ಒಂದು ಒಣ ಕಡ್ಡಿ. ಎಳೆದೆ, ಅದರ ಜೊತೆ ಇನ್ನಷ್ಟು ಬಂತು. ಬೆರಳು ತೂರಿಸಿ ಕೆರೆದರೆ ಪುಡಿ ಉದುರಿತು. ಫೋನಿನ ಬೆಳಕು ಬಿಟ್ಟು ಒಳಗೆ ನೋಡಿದೆ. ಜಾಲರಿಯ ಹಿಂದಿರುವ ಎ.ಸಿ.ಯ ತೆಳು ಹಲಗೆಗೂ ಅದರ ಹಿಂದೆ ಇಂಜಿನ್ನಿನ ನೀರು ತಣಿಸುವ ರೇಡಿಯೇಟರಿಗೂ ನಡುವೆ ಇರುವ ಸಂದಿಯಲ್ಲಿ ಹಾಸಿಗೆಗೆ ತುಂಬಿದ ಹಾಗೆ ಹೊಟ್ಟು ಕೂತಿತ್ತು. ಗಾಳಿ ಒಳಗೆ ಹೋಗುವುದಾದರೂ ಹೇಗೆ? ಊರೊಳಗೆ ಇಂಜಿನ್ನಿಗೆ ಕೆಲಸ ಕಮ್ಮಿ, ಫ್ಯಾನ್ ಎಳೆದುಕೊಳ್ಳುವ ಅಷ್ಟಿಷ್ಟು ಗಾಳಿಯೇ ಸಾಕು. ಹೈವೇಯಲ್ಲಿ ಇಂಜಿನ್ ಜೋರಾಗಿ ದುಡಿಯುವಾಗ ಅಷ್ಟು ಸಾಲದು. ಕೂತಲ್ಲೇ ಲೆಕ್ಕ ಸರಿಹೋಯಿತು.

ಅತ್ತೆ ಹತ್ತಿರ ಬಂದು ನನ್ನ ಅಂಗೈಯಲ್ಲಿದ್ದದ್ದನ್ನು ನೋಡಿದರು.

"ಉಳ್ಳಿ ಒಟ್ಟಲ್ವಾ ಇದು?" ಎಂದರು.

ಹೌದು, ಹುರುಳಿಯ ಹೊಟ್ಟು. ಎಚ್.ಡಿ. ಕೋಟೆ ರಸ್ತೆಯಲ್ಲಿ ಒಕ್ಕಣೆಯ ಕಾಲಕ್ಕೆ ಹುರುಳಿ, ರಾಗಿಯನ್ನು ಟಾರಿನ ಮೇಲೆ ಹರಡುತ್ತಾರೆ. ಗಾಡಿಗಳು ಹಾದುಹೋದರೆ ಕಾಳು ಬಿಡುತ್ತದೆ. ಎಲ್ಲರೂ ಪಕ್ಕಕ್ಕೆ ಸರಿದು ಹೋಗಲು ನೋಡಿದರೆ, ನನ್ನ ಗಂಡ ಅದರ ಮೇಲೇ ಓಡಿಸುತ್ತಿದ್ದರು. ನೆಂಟರ ಹುರುಳಿಯಾದರೆ ಹಿಂದೆ ಮುಂದೆ ಮಾಡಿ ಮತ್ತೆರಡು ಸಲ ತುಳಿಸುತ್ತಿದ್ದರು. ಅದು ಅವರಿಗೆ ಖುಷಿ. ಅತ್ತೆಯೂ ಕಾರಿನೊಳಗೆ ಕೂತು ನೋಡಿದವರೇ.

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಪಕ್ಕ ಬಗ್ಗಿ, ಕೈಗೆಟುಕಿದಷ್ಟು ಹೊಟ್ಟನ್ನು ತಾವೂ ಕಿತ್ತು ಹಾಕಿದರು.

ಕೊಪ್ಪ ಮುಟ್ಟುವಾಗ ಪೂಜೆ ಮುಗಿದಿತ್ತು. ಚಿಕ್ಕತ್ತೆ ಬಾಗಿಲಲ್ಲೇ ಕೇಳಿದರು, "ಯಾಕಕ್ಕ ಇಷ್ಟೊತ್ತು?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು. "ಇವ್ಳಿಗೆ ಇನ್ನೂ ಕೈ ಕುದ್ರಿಲ್ಲ ಕಣೆ. ಗಾಡಿ ಕಾಯಿಸ್ಬುಟ್ಳು."

ನೆಂಟರೆಲ್ಲ ನನ್ನತ್ತ ತಿರುಗಿದರು. ಚಿಕ್ಕತ್ತೆ, "ಪಾಪ, ಕಲೀತಾಳೆ ಬುಡು" ಎಂದರು. ನನ್ನ ಉಗುರುಗಳಲ್ಲಿ ಇನ್ನೂ ಹೊಟ್ಟಿನ ಪುಡಿ ಇತ್ತು. ನಾನು ತಲೆಯಾಡಿಸಿ ನಕ್ಕೆ. ಆಮೇಲೆ ಕೈ ತೊಳೆದುಕೊಂಡು ಬಡಿಸಲು ನಿಂತೆ. ಎಲೆಯಿಂದ ಎಲೆಗೆ ಹೋಗುವಾಗ ಆ ನಗು ಮುಖದ ಮೇಲೆ ಹಾಗೇ ಅಂಟಿಕೊಂಡಿತ್ತು. ನನಗೇ ಹೇಸಿಗೆಯಾಯಿತು.

ವಾಪಸ್ ಬರುವಾಗ ಅತ್ತೆಯೇ ಮಾತು ತೆಗೆದರು. "ನನ್ ತಂಗಿ ಮುಂದೆ ಮಗನ್ನ ಬುಟ್ಟುಕೊಡಕ್ಕಾಗ್ನಿಲ್ಲ ಕಣವ್ವ. ಬೇಜಾರ್ ಮಾಡ್ಕಬ್ಯಾಡ."

"ಬೇಜಾರೇನಿಲ್ಲ ಅತ್ತೆ" ಎಂದೆ.

ಮರುದಿನ ಗ್ಯಾರೇಜಿನಲ್ಲಿ ಮುಂದಿನ ಬಂಪರ್ ಬಿಚ್ಚಿಸಿದೆ. ಗಂಡನೂ ಬಂದಿದ್ದರು. ಎ.ಸಿ.ಯ ಹಲಗೆ ಮುಂದಕ್ಕೆ ಸರಿಸಿದ ಕೂಡಲೇ ಹೊಟ್ಟು ದಪ್ಪ ಪದರವಾಗಿ ಕಳಚಿ ಬಿತ್ತು. ಭಾಯಿ ಕೈ ಒರೆಸಿಕೊಳ್ಳುತ್ತ ನನ್ನ ಕಡೆ ನೋಡಿ, "ನಾನು ಮೇಲಿಂದ್ಲೇ ನೋಡ್ದೆ ಮೇಡಂ, ಮುಂದೆ ಬಗ್ಗಿ ನೋಡ್ಲೇ ಇಲ್ಲ. ನನ್ ತಪ್ಪಾಯ್ತು" ಎಂದರು. ಎಷ್ಟು ಸಲೀಸಾಗಿ ಹೇಳಿದರು. ನನ್ನ ಗಂಡ ಮಾತ್ರ ಫೋನ್ ಬಂದವರ ಹಾಗೆ ರಸ್ತೆಗೆ ಹೋಗಿ ನಿಂತರು.

ಸಂಜೆ ಪರೀಕ್ಷೆಗೆಂದು ಹೈವೇಗೆ ಹೋದೆವು. ನಾನು ಓಡಿಸಿದೆ. ತೊಂಬತ್ತಕ್ಕೂ ಮುಳ್ಳು ಅಲ್ಲಾಡಲಿಲ್ಲ. ಅವರು ಅದನ್ನೇ ನೋಡುತ್ತ ಕೂತಿದ್ದವರು ಕೇಳಿದರು, "ಚಿಕ್ಕವ್ವನ ಮನೇಲಿ ಅವ್ವ ಏನಂದ್ರು?"

ಹೇಳಿದೆ.

"ನೀನೇನಂದೆ?"

"ನಕ್ಕೆ."

"ಚಿಕ್ಕವ್ವಂಗೆ ಫೋನ್ ಮಾಡಿ ಹಿಂಗಿಂಗೆ ಅಂತ ಹೇಳ್ಲಾ?" ಎಂದರು.

"ಬ್ಯಾಡ ಬುಡಿ. ಅತ್ತೆ ಸುಳ್ಳು ಹೇಳ್ದಂಗಾಯ್ತದೆ" ಎಂದೆ. ಅವರು ಮತ್ತೆ ಒತ್ತಾಯ ಮಾಡಲಿಲ್ಲ. ಒತ್ತಾಯ ಮಾಡಲಿ ಎಂದು ನಾನು ಕಾದಿದ್ದೆ ಎಂಬುದು ಆಮೇಲೆ ನನಗೇ ಗೊತ್ತಾಯಿತು.

ಮೊನ್ನೆ ಕೊಪ್ಪಕ್ಕೆ ಮತ್ತೆ ಹೋಗಿದ್ದೆವು, ಈ ಸಲ ಮೂವರೂ. ಹೋಗುವಾಗ ನಾನೇ ಓಡಿಸಿದ್ದೆ. ಊಟ ಮುಗಿಸಿ ಹೊರಟಾಗ ಚಿಕ್ಕತ್ತೆ ಗೇಟಿನವರೆಗೆ ಬಂದರು. ನಾನು ಕಾರಿನ ಬಲಗಡೆಯ ಬಾಗಿಲಿಗೆ ಕೈ ಹಾಕಿದ್ದು ನೋಡಿ ನನ್ನ ಗಂಡನಿಗೆ, "ನೀನೇ ಓಡ್ಸಪ್ಪ, ಹೈವೇ ರೋಡು" ಎಂದರು. ಅತ್ತೆ ನೆಲ ನೋಡಿದರು. ಗಂಡ ನನ್ನ ಮುಖ ನೋಡಿದರು. ನಾನು ಬೀಗದ ಕೈಯನ್ನು ಅವರ ಕೈಗೆ ಕೊಟ್ಟು ಹಿಂದಿನ ಸೀಟಿನಲ್ಲಿ ಕೂತೆ.