ಬಸ್ಸಿನ ಕನ್ನಡಿಯ ಹಿಂದೊಂದು ಹೆಬ್ಬೆರಳು

ಬೆಳಗಿನ ಆರೂಕಾಲು. ಹನೂರು ಕಡೆಯ ಒಂದು ಪೊಲೀಸ್ ಠಾಣೆಯ ಅಂಗಳದಲ್ಲಿ ಖಾಸಗಿ ಬಸ್ಸೊಂದು ನಿಂತಿದೆ. ಒಳಗೆ ಐವತ್ತೊಂಬತ್ತರ ಚಿಕ್ಕಸಿದ್ದಯ್ಯ ಮಂಡಿಯೂರಿ, ಸೀಟಿನ ಕಂಬಿಗೆ ಬ್ರಷ್ಷಿನಲ್ಲಿ ಕಪ್ಪು ಪುಡಿ ಸವರುತ್ತಿದ್ದಾರೆ.

"ಎಳೆ ಬಿಸ್ಲು ಅಡ್ಡಡ್ಡ ಬೀಳೋವಾಗ್ಲೇ ಗುರುತು ಕಾಣೋದು ಸಾ. ಒತ್ತು ಏರುದ್ರೆ ಬರೀ ಒಳಪು," ಎನ್ನುತ್ತ ಕೆಮ್ಮುತ್ತಾರೆ. ಪುಡಿಯ ಕೆಮ್ಮು ಅದು, ವರ್ಷಗಳ ಹಳೆಯದು.

ಹಿಂದಿನ ಸಂಜೆ ಮಾರ್ಟಳ್ಳಿಯಿಂದ ಕೊಳ್ಳೇಗಾಲಕ್ಕೆ ಹೊರಟಿದ್ದ ಈ ಬಸ್ಸು ಅಪಹರಣವಾಗಿತ್ತು. ಮುಖಕ್ಕೆ ಟವೆಲ್ ಸುತ್ತಿ ಮುಂದಿನ ಮೆಟ್ಟಿಲಲ್ಲಿ ನಿಂತಿದ್ದವನು ಚಾಲಕ ಮಾದೇಶನ ಬಳಿ ಸರಿದು, ಪಕ್ಕೆಗೆ ಚೂರಿ ಹಿಡಿದು, ಗಾಡಿಯನ್ನು ಕಾಡಿನ ದಾರಿಗೆ ತಿರುಗಿಸಿದ್ದ. ಅಲ್ಲಿ ಕಾದಿದ್ದ ಇಬ್ಬರ ಜೊತೆ ಸೇರಿ ಮೂವತ್ತನಾಲ್ಕು ಜನರ ಒಡವೆ, ಮೊಬೈಲು ಕಿತ್ತುಕೊಂಡು ಮರೆಯಾಗಿದ್ದ. ಹಿಂದೆ ಕೂತವರಿಗೆ ಚೂರಿ ಕಂಡಿರಲಿಲ್ಲ. ಕಂಡದ್ದು, ಮಾದೇಶ ತುಟಿ ಬಿಚ್ಚದೆ ಸ್ಟೀರಿಂಗ್ ತಿರುಗಿಸಿದ್ದು. ಇವನೂ ಶಾಮೀಲು ಎಂದು ಹಲವರು ಹೇಳಿಕೆ ಕೊಟ್ಟರು. ಈಗ ಅವನು ಠಾಣೆಯ ಒಳಗಿದ್ದಾನೆ; ಹೆಂಡತಿ ರಾಣಿ ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಾಳೆ.

ಚಿಕ್ಕಸಿದ್ದಯ್ಯ ಕಾಮಗೆರೆಯವರು. ಬೆರಳಚ್ಚು ಕೆಲಸವೆಂದರೆ ಊರಿನ ಅರ್ಧ ಜನ ಅವರನ್ನು ಇಂದಿಗೂ ಟೈಪಿಸ್ಟ್ ಎಂದುಕೊಂಡಿದ್ದಾರೆ. ಪೊಲೀಸ್ ಇಲಾಖೆಯಲ್ಲಿ ಈ ಕೆಲಸಕ್ಕೆ ಇಪ್ಪತ್ಮೂರು ವರ್ಷ. ತಿಂಗಳಿಗೆ ಹತ್ತು ಹನ್ನೆರಡು ಕರೆ: ಮುರಿದ ಬೀಗ, ಒಡೆದ ಬೀರು, ಕೆಲವೊಮ್ಮೆ ಹೆಣ ಬಿದ್ದ ಕೋಣೆ. "ಅತ್ತು ಕಡೆ ಓದ್ರೆ ಎಂಟು ಕಡೆ ಏನೂ ಸಿಕ್ಕಲ್ಲ. ಸುಮ್ನೆ ಮಂಡಿ ಸವೀತದೆ."

ಬಸ್ಸು ಎಲ್ಲಕ್ಕಿಂತ ಕಷ್ಟ. ದಿನಕ್ಕೆ ನೂರಾರು ಜನ ಮುಟ್ಟುವ ಕಂಬಿಯಲ್ಲಿ ಒಬ್ಬನ ಬೆರಳು ಹುಡುಕಬೇಕು. ನಲವತ್ತೆರಡು ಸೀಟು, ಕಿಟಕಿಯ ಹಿಡಿಗಳು, ಎರಡು ಬಾಗಿಲು. ಹನ್ನೊಂದು ಗಂಟೆಯ ಹೊತ್ತಿಗೆ ಅರವತ್ಮೂರು ಗುರುತುಗಳನ್ನು ಟೇಪಿನಲ್ಲಿ ಎತ್ತಿದ್ದಾರೆ. ಬಹುಪಾಲು ಒಂದರ ಮೇಲೊಂದು ಕಲಸಿಹೋದವು. ಡಬ್ಬಿಯ ಇಡ್ಲಿ ಹಾಗೇ ಇದೆ. ನೀರು ಕುಡಿಯಲು ಇಳಿದಾಗ ರಾಣಿ ಎದ್ದು ನಿಲ್ಲುತ್ತಾಳೆ.

"ಅಣ್ಣಾ, ಏನಾರ ಸಿಕ್ತಾ?"

"ಇನ್ನೂ ನೋಡ್ತಾವ್ನಿ ಕಣವ್ವ."

ಅದಕ್ಕಿಂತ ಹೆಚ್ಚು ಹೇಳುವಂತಿಲ್ಲ. ಬಸ್ಸು ಹತ್ತಿ, ಸುಸ್ತಾಗಿ ಚಾಲಕನ ಸೀಟಿನಲ್ಲಿ ಕೂರುತ್ತಾರೆ. ತಲೆಯೆತ್ತಿದರೆ ಒಳಗನ್ನಡಿ. ಅದರಲ್ಲಿ ಪ್ರಯಾಣಿಕರ ಸೀಟು ಕಾಣುವುದಿಲ್ಲ, ಬರೀ ಬಾಗಿಲ ಮೂಲೆ. ಕನ್ನಡಿಯನ್ನು ಹೀಗಿಟ್ಟುಕೊಂಡು ಯಾವ ಚಾಲಕ ತಾನೇ ಗಾಡಿ ಓಡಿಸುತ್ತಾನೆ? ಎದ್ದು, ಚೂರಿಯವನು ನಿಂತಿದ್ದಂತೆ ಸೀಟಿನ ಎಡಕ್ಕೆ ನಿಲ್ಲುತ್ತಾರೆ. ಈಗ ಕನ್ನಡಿಯಲ್ಲಿ ಇಡೀ ಬಸ್ಸು. ಇಲ್ಲಿ ನಿಂತವನು ಚೂರಿ ಸರಿಸದೆ, ಕತ್ತು ಹೊರಳಿಸದೆ, ಹಿಂದಿನವರ ಮೇಲೆ ಕಣ್ಣಿಡಲು ಕನ್ನಡಿ ತಿರುಗಿಸಿದ್ದಾನೆ. ಕನ್ನಡಿಯ ಬೆನ್ನಿಗೆ ಪುಡಿ ಸವರಿದರೆ ಒಂದು ಹೆಬ್ಬೆರಳು, ಗೆರೆಗೆರೆಯೂ ಸ್ಪಷ್ಟ.

ಠಾಣೆಯವರು ತೆಗೆದಿಟ್ಟಿದ್ದ ಮಾದೇಶ ಮತ್ತು ಕಂಡಕ್ಟರ್ ಇಬ್ಬರ ಹತ್ತೂ ಬೆರಳಿನ ಗುರುತುಗಳನ್ನು ಭೂತಗನ್ನಡಿಯಡಿ ಎರಡೆರಡು ಸಲ ಹೋಲಿಸಿ ನೋಡಿ, ಇನ್ಸ್‌ಪೆಕ್ಟರ್ ಗುರುಪ್ರಕಾಶ್ ಮುಂದೆ ನಿಲ್ಲುತ್ತಾರೆ. "ಇದು ಅವ್ರಿಬ್ಬರ್ದೂ ಅಲ್ಲ ಸಾ. ಮಾದೇಶ ಶಾಮೀಲಾಗಿದ್ರೆ ಇಂದ್ಗಡೆಯವ್ರ ಮ್ಯಾಲೆ ಅವ್ನೇ ಕಣ್ಣಿಡ್ತಿದ್ದ, ಕಳ್ಳ ಕನ್ನಡಿ ತಿರುಗ್ಸೋ ಕೆಲ್ಸವೇ ಇರ್ನಿಲ್ಲ. ಮಾದೇಶ ನಿಜವೇ ಯೋಳ್ತಾವ್ನೆ."

ಜಿಲ್ಲಾ ಕಚೇರಿಯ ತಜ್ಞರೂ ಅದನ್ನೇ ಬರೆದರು. ಮರುದಿನ ಮಾದೇಶ ಮನೆಗೆ ಹೋದ. ಮೂರು ವಾರದ ಮೇಲೆ ಬೇರೊಂದು ಕಳವಿನಲ್ಲಿ ಸಿಕ್ಕವನ ಹೆಬ್ಬೆರಳು ಕನ್ನಡಿಯದಕ್ಕೆ ತಾಳೆಯಾಯಿತು. ಪತ್ರಿಕೆಯಲ್ಲಿ ಬಂದ, ಆರೋಪಿಯ ಹಿಂದೆ ಪೊಲೀಸರು ಸಾಲಾಗಿ ನಿಂತ ಫೋಟೋದಲ್ಲಿ ಚಿಕ್ಕಸಿದ್ದಯ್ಯ ಇರಲಿಲ್ಲ. ಅಂದು ಅವರು ಯಳಂದೂರಿನ ಅಂಗಡಿಯೊಂದರ ಮುರಿದ ಬೀಗದ ಮುಂದೆ ಕೂತಿದ್ದರು.

ಬರುವ ವರ್ಷ ನಿವೃತ್ತಿ. ಆಮೇಲೇನು ಆಸೆ ಎಂದು ಕೇಳಿದರೆ ಹೇಳುತ್ತಾರೆ: "ಬಸ್ಸಲ್ಲಿ ಕಿಟ್ಕಿ ಪಕ್ಕ ಕೂತ್ಕಂಡು ನಿದ್ದೆ ಮಾಡ್ಬೇಕು. ಯಾರ ಬೆರಳು ಎಲ್ಲದೆ ಅಂತ ನೋಡ್ದೇನೆ."

ಮಾದೇಶ ಈಗ ಅದೇ ದಾರಿಯಲ್ಲಿ ಗಾಡಿ ಓಡಿಸುತ್ತಾನೆ. ಕಾಮಗೆರೆಯಲ್ಲಿ ಚಿಕ್ಕಸಿದ್ದಯ್ಯ ಎಷ್ಟೋ ಸಲ ಆ ಬಸ್ಸು ಹತ್ತುತ್ತಾರೆ. ಅವರು ಯಾರೆಂದು ಅವನಿಗೆ ಗೊತ್ತಿಲ್ಲ. ಮೊನ್ನೆ ಬಾಗಿಲಲ್ಲೇ ನಿಂತಿದ್ದಕ್ಕೆ, "ಒಳಿಕ್ಕೋಗಿ ಯಜಮಾನ್ರೆ, ಜಾಗ ಬುಡಿ," ಎಂದು ಗದರಿದನಂತೆ.

ತಾವು ಯಾರೆಂದು ಅವನಿಗೆ ಹೇಳಲಿಲ್ಲವೇ?

"ಯೋಳಿ ಏನ್ಮಾಡ್ಲಿ ಸಾ. ಒಳಿಕ್ಕೋದೆ. ಗಾಡಿ ಚೆನ್ನಾಗಿ ಓಡುಸ್ತಾನೆ ಅವ್ನು."