ಧರ್ಮಾವತಿ ಮುಚ್ಚಿದ ವಾಲ್ವ್

ಕೋಣಂದೂರಿನ ಧರ್ಮಾವತಿ ಸಾಗರದ ಕಾಲೇಜೊಂದರ ರಸಾಯನಶಾಸ್ತ್ರ ಲ್ಯಾಬಿಗೆ ಸಹಾಯಕಿಯಾಗಿ ಸೇರಿ ಇಪ್ಪತ್ತೆರಡು ವರ್ಷ. ಪಾಠ ಮಾಡುವವರು ಬಂದರು, ಹೋದರು. ಗ್ಯಾಸ್ ಸಿಲಿಂಡರುಗಳನ್ನು ಮುಟ್ಟುವ ಮುಂಚೆ ಎಲ್ಲರೂ ಅವಳನ್ನೇ ಕೇಳುತ್ತಿದ್ದರು.

ಹೋದ ವರ್ಷ ಸಂಶೋಧನೆಗೆ ಬಂದ ಸೌಜನ್ಯ ಹಿಡಿದದ್ದು ಶೇಲ್ ಎಣ್ಣೆಯ ಕೆಲಸ. ಶೇಲ್ ಎಂಬ ಕಲ್ಲು ಕಾಯಿಸಿ ಇಳಿಸಿದ ಆ ಕಪ್ಪು ಎಣ್ಣೆಯಲ್ಲಿ ನೈಟ್ರೋಜನ್ ಜಾಸ್ತಿ. ಅದನ್ನು ತೆಗೆಯದೆ ಒಳ್ಳೆಯ ಇಂಧನ ಆಗುವುದಿಲ್ಲ. ಉಕ್ಕಿನ ಕೊಳವೆಯೊಂದಕ್ಕೆ ರಾಸಾಯನಿಕ ಕ್ರಿಯೆ ಚುರುಕುಗೊಳಿಸುವ ಕ್ಯಾಟಲಿಸ್ಟಿನ ಕಾಳು ತುಂಬಿ, ಮುನ್ನೂರೆಂಬತ್ತು ಡಿಗ್ರಿಗೆ ಕಾಯಿಸಿ, ಎಣ್ಣೆಯ ಜೊತೆ ಹೈಡ್ರೋಜನ್ ಒತ್ತಿ ಹಾಯಿಸಿದರೆ ನೈಟ್ರೋಜನ್ ಅಮೋನಿಯಾ ಆಗಿ ಬಿಟ್ಟುಹೋಗುತ್ತದೆ. ಹನ್ನೆರಡು ದಿನ ನಿಲ್ಲಿಸದೆ ನಡೆಸಬೇಕು.

ಹನ್ನೊಂದನೆಯ ದಿನ ಮಧ್ಯಾಹ್ನ ಸೌಜನ್ಯ ಕೂಗಿದಳು. "ಅಕ್ಕ, ಪ್ರೆಶರ್ ಇಳೀತಿದೆ!"

ಧರ್ಮಾವತಿಗೆ ಸುಸ್ಸೆನ್ನುವ ಸದ್ದು ಕೇಳಿತು. ಸೌಜನ್ಯ ಆಗಲೇ ಸ್ಪ್ಯಾನರ್ ಹಿಡಿದು ಕೊಳವೆಯತ್ತ ಹೊರಟಿದ್ದಳು.

"ನಿಲ್ಲಿ ಮೇಡಂ!"

ಹೈಡ್ರೋಜನ್ ಉರಿದರೆ ಬೆಂಕಿ ಹಗಲಲ್ಲಿ ಕಣ್ಣಿಗೆ ಕಾಣುವುದಿಲ್ಲ. ಧರ್ಮಾವತಿ ಮೂಲೆಯ ಕಡ್ಡಿ ಪೊರಕೆ ಎತ್ತಿಕೊಂಡು, ತೋಳು ಚಾಚಿ, ಒಂದೊಂದೇ ಹೆಜ್ಜೆ ಮುಂದಿಟ್ಟಳು. ಕೊಳವೆಗೆ ಇನ್ನೂ ಎರಡಡಿ ಇರುವಾಗಲೇ ಬರೀ ಗಾಳಿಯಲ್ಲಿ ಪೊರಕೆಯ ತುದಿ ಭಗ್ಗೆಂದಿತು. ಸೌಜನ್ಯಳ ಕೈಯಿಂದ ಸ್ಪ್ಯಾನರ್ ಜಾರಿ ಬಿತ್ತು.

ಪೊರಕೆಯನ್ನು ಸಿಂಕಿಗೆ ಎಸೆದು ಧರ್ಮಾವತಿ ಹೀಟರಿನ ಮೇನ್ ಸ್ವಿಚ್ ಇಳಿಸಿದಳು. ಸಿಲಿಂಡರ್ ಇದ್ದದ್ದು ಗೋಡೆಯ ಆಚೆ. ಅದನ್ನು ಮುಚ್ಚಲು ಹೊರಟವಳ ತೋಳನ್ನು ಸೌಜನ್ಯ ಹಿಡಿದಳು. "ಹೈಡ್ರೋಜನ್ ನಿಂತ್ರೆ ಒಳಗಿನ ಎಣ್ಣೆ ಕರಕಾಗುತ್ತೆ ಅಕ್ಕ. ಕ್ಯಾಟಲಿಸ್ಟ್ ಹೋಗುತ್ತೆ. ಇನ್ನೊಂದೇ ದಿನ!"

"ಹೋದ್ರೆ ಹೋಗ್ಲಿ. ನೀನು ಹೊರಗೆ ನಡಿ."

ಅಲ್ಲಿಯವರೆಗೆ ಧರ್ಮಾವತಿ ಅವಳನ್ನು ಏಕವಚನದಲ್ಲಿ ಕರೆದದ್ದೇ ಇಲ್ಲ.

ಗೋಡೆಯಾಚೆ ಸಿಲಿಂಡರಿನ ವಾಲ್ವ್ ಬಿಗಿದುಕೊಂಡಿತ್ತು. ಸೆರಗು ಸುತ್ತಿ, ಹಲ್ಲು ಕಚ್ಚಿ ತಿರುಗಿಸಿದಳು. ಅದು ಮುಚ್ಚಿದ ಮೇಲೂ ಪೈಪಿನಲ್ಲಿ ಉಳಿದ ಗ್ಯಾಸ್ ಸದ್ದು ಮಾಡುತ್ತಲೇ ಇತ್ತು. ಆ ಸದ್ದು ಅಡಗುವವರೆಗೆ ಇಬ್ಬರೂ ಅಂಗಳದಲ್ಲೇ ನಿಂತರು.

ತಣ್ಣಗಾದ ಮೇಲೆ ಕೊಳವೆ ಬಿಚ್ಚಿ ನೋಡಿದರೆ ಕಾಳೆಲ್ಲ ಕರಿ ಮುದ್ದೆಯಾಗಿತ್ತು. ಸೌಜನ್ಯ ಎರಡು ದಿನ ಲ್ಯಾಬಿಗೆ ಬರಲಿಲ್ಲ. ಮೂರನೆಯ ದಿನ ಬಂದು ತಲೆ ತಗ್ಗಿಸಿ ನಿಂತಳು. "ನೀವು ಊರಿಗೆ ಹೋದ ದಿನ ಗ್ಯಾಸ್ ಸೋರಿದ ಆ ಜಾಯಿಂಟ್ ನಾನೇ ಕೂರಿಸಿದ್ದು ಅಕ್ಕ. ಲೀಕ್ ಇದ್ಯಾ ಅಂತ ಸೋಪುನೀರು ಹಚ್ಚಿ ನೋಡ್ಲಿಲ್ಲ."

ಧರ್ಮಾವತಿಗೆ ಸಿಟ್ಟು ನೆತ್ತಿಗೇರಿತು. ಎರಡು ಮಾತು ಜೋರಾಗಿಯೇ ಅಂದಳು. ಆಮೇಲೆ ಹೊಸ ಕಾಳಿನ ಡಬ್ಬಿ ತಂದು ಮೇಜಿನ ಮೇಲಿಟ್ಟಳು.

ಎರಡನೆಯ ಸಲ ಹನ್ನೆರಡು ದಿನವೂ ನಡೆಯಿತು. ನೂರು ಪಾಲು ನೈಟ್ರೋಜನ್ನಿನಲ್ಲಿ ಉಳಿದದ್ದು ಒಂಬತ್ತೇ ಪಾಲು. ವರದಿ ಕೈಗೆ ಬಂದಾಗ ಸೌಜನ್ಯ ಖುಷಿಗೆ ಅಳುತ್ತಿದ್ದಳು; ಧರ್ಮಾವತಿ ಅರ್ಧ ದಿನ ರಜೆ ಹಾಕಿ ಮನೆಗೆ ಹೋಗಿ ಮಲಗಿದಳು.